ಫೋನು ಎರಡೇ ಕಂಪನಿಗಳ ಕೈಸೇರುವ ಮುನ್ನ

ಕೀಪ್ಯಾಡ್ ಫೋನು ಹಿಡಿದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ರೀಚಾರ್ಜ್ ಅಂಗಡಿಗೆ ಬರುವ ಹಿರಿಯ ಹೆಂಗಸರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ನಾನು ಯಾರಿಗೂ ಮಾಡಲ್ಲಪ್ಪಾ, ಮಗಳ ಫೋನ್ ಬಂದ್ರೆ ಸಾಕು, ಅಷ್ಟಕ್ಕೆ ಹಾಕು.” ಅಷ್ಟಕ್ಕೆ ಹಾಕುವ ಕಾಲ ಮುಗಿದಿದೆ. ಏರ್‌ಟೆಲ್‌ನಲ್ಲಿ 99 ರೂಪಾಯಿ ಹಾಕಿದರೆ 28 ದಿನ ಸಿಮ್‌ಗೆ ಜೀವ ಇರುತ್ತಿತ್ತು. 2023ರ ಜನವರಿಯಲ್ಲಿ ಕರ್ನಾಟಕದಲ್ಲಿ ಅದನ್ನು ನಿಲ್ಲಿಸಿ 155 ರೂಪಾಯಿಗೆ 24 ದಿನ ಎಂದರು. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಕೆಲವೇ ದಿನಗಳ ಅಂತರದಲ್ಲಿ ದರ ಏರಿಸಿದಾಗ 28 ದಿನದ ಕನಿಷ್ಠ ರೀಚಾರ್ಜ್ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾದಲ್ಲಿ (ವಿಐ) 199 ಆಯಿತು, ಜಿಯೋದಲ್ಲಿ 189.

ತಿಂಗಳೆಂದರೆ ಇಲ್ಲಿ 28 ದಿನ, ಹಾಗಾಗಿ ವರ್ಷಕ್ಕೆ 13 ಸಲ ಹಾಕಿಸಬೇಕು. 199ರ ಲೆಕ್ಕದಲ್ಲಿ ಅದು 2,587 ರೂಪಾಯಿ. ನೌಕರರ ಪಿಂಚಣಿ ಯೋಜನೆಯ (ಇಪಿಎಸ್) ಕನಿಷ್ಠ ಪಿಂಚಣಿ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾದ ಮೇಲೆ ಹತ್ತು ವರ್ಷ ಕಳೆದರೂ ಅಲ್ಲೇ ನಿಂತಿತ್ತು. ಆ ಪಿಂಚಣಿಯಲ್ಲೇ ದಿನ ದೂಡುವ ಕಾರ್ಮಿಕನೋ ಅವನ ವಿಧವೆಯೋ ಬರೀ ಫೋನು ಬರಲಿ ಎನ್ನುವುದಕ್ಕೆ ವರಮಾನದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕೊಡಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಇಂಟರ್ನೆಟ್ ಬೇಡದವರಿಗೆ ಮಾತು ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಕೊಡಿ ಎಂದು ಆದೇಶಿಸಿತು. ಕಂಪನಿಗಳು ಕೊಟ್ಟವು: ಏರ್‌ಟೆಲ್‌ನದು 84 ದಿನಕ್ಕೆ 469, ಜಿಯೋದ್ದು 448. ಕೂಡಿಸಿ ನೋಡಿದರೆ ಉಳಿತಾಯವೇನೋ ಇದೆ. ಆದರೆ ಸಾವಿರ ರೂಪಾಯಿ ಪಿಂಚಣಿಯಲ್ಲಿ ಒಂದೇ ಏಟಿಗೆ ಅರ್ಧದಷ್ಟನ್ನು ಅಂಗಡಿಯ ಮೇಜಿನ ಮೇಲೆ ಇಡುವವರು ಎಷ್ಟು ಜನ?

ದರ ಏರಿದ್ದನ್ನು ಎಲ್ಲರೂ ಬಲ್ಲರು. ನಮ್ಮ ಆತಂಕ ಅದರ ಮುಂದಿನ ಹೆಜ್ಜೆಯದು. ಕೆಜಿಎಫ್ ಮತ್ತು ಬಂಗಾರಪೇಟೆಯ ಫೋನುಗಳು ಜಿಯೋ, ಏರ್‌ಟೆಲ್ ಎಂಬ ಎರಡೇ ಕಂಪನಿಗಳ ಕೈಗೆ ಹೋಗುವ ದಾರಿಯಲ್ಲಿವೆ. ಸರ್ಕಾರಕ್ಕೆ ಕೊಡಬೇಕಾದ ಆದಾಯದ ಪಾಲಿನ (ಎಜಿಆರ್) ಬಗ್ಗೆ ಸುಪ್ರೀಂ ಕೋರ್ಟ್ 2019ರಲ್ಲಿ ಕೊಟ್ಟ ತೀರ್ಪಿನ ಬಾಕಿಯಲ್ಲಿ ಕುಸಿದ ವೊಡಾಫೋನ್ ಐಡಿಯಾದಲ್ಲಿ 2025ರಲ್ಲಿ ಕೇಂದ್ರ ಸರ್ಕಾರವೇ ಸುಮಾರು 49% ಪಾಲು ಪಡೆಯಬೇಕಾಯಿತು. ನೆರವು ಸಿಗದಿದ್ದರೆ ಆ ಹಣಕಾಸು ವರ್ಷ ದಾಟಿ ನಡೆಸಲಾಗದು ಎಂದು ಕಂಪನಿ ತಾನಾಗಿಯೇ ಸರ್ಕಾರಕ್ಕೆ ಬರೆದಿತ್ತು. ಇನ್ನು ಬಿಎಸ್‌ಎನ್‌ಎಲ್. ಖಾಸಗಿಯವರು 2012ರಲ್ಲೇ ಬೆಂಗಳೂರಿಗೆ 4ಜಿ ತಂದರು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ದೇಶದ ಮಟ್ಟದಲ್ಲಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು. ಅಷ್ಟರಲ್ಲಿ ಜಿಯೋ, ಏರ್‌ಟೆಲ್ 5ಜಿ ಹಚ್ಚಿ ಮೂರು ವರ್ಷವಾಗುತ್ತ ಬಂದಿತ್ತು. 2020ರ ಜನವರಿ ಕೊನೆಗೆ ಸುಮಾರು 78 ಸಾವಿರ ನೌಕರರು ಸ್ವಯಂ ನಿವೃತ್ತಿ ಪಡೆದು ಹೊರನಡೆದರು. ಕಂಬ ಹತ್ತುವ, ಕೇಬಲ್ ಹುಡುಕುವ, ಟವರಿನ ಬ್ಯಾಟರಿ ನೋಡಿಕೊಳ್ಳುವ ಕೈಗಳೂ ಅವರೊಂದಿಗೆ ಹೋದವು. ಕರೆಂಟು ಹೋದರೆ ಬಿಎಸ್‌ಎನ್‌ಎಲ್ ಟವರೂ ಮಲಗುತ್ತದೆ ಎಂಬುದು ಮಲೆನಾಡಿನಿಂದ ಬಯಲುಸೀಮೆಯ ತನಕ ಹಳೆಯ ದೂರು.

2024ರಲ್ಲಿ ದರ ಏರಿದಾಗ ಲಕ್ಷಾಂತರ ಜನ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಮಾಡಿಸಿಕೊಂಡರು. ಕೆಲವೇ ತಿಂಗಳಲ್ಲಿ ಅದರ ಗ್ರಾಹಕರ ಸಂಖ್ಯೆ ಮತ್ತೆ ಇಳಿಯತೊಡಗಿತು. ಅಗ್ಗ ಎಂದು ಬಂದವರನ್ನು ಸಿಗ್ನಲ್ ಹಿಡಿದು ನಿಲ್ಲಿಸಲಿಲ್ಲ. ಈ ಸೂಚನೆಯನ್ನು ಸಂಸ್ಥೆ ಗಂಭೀರವಾಗಿ ಓದಬೇಕಿತ್ತು.

ಊರೆಲ್ಲ ಒಂದು ಕಂಪನಿಯ ಮೇಲೆ ನಿಂತರೆ ಏನಾಗುತ್ತದೆಂದು ಕೆಜಿಎಫ್‌ಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿನ ಚಿನ್ನದ ಗಣಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ. ಬೇತಮಂಗಲದ ನೀರು, ಚಾಂಪಿಯನ್ ರೀಫ್‌ನ ಆಸ್ಪತ್ರೆ, ಲೈನ್ ಮನೆಗಳು, ಎಲ್ಲವೂ ಗಣಿಯವು. 2001ರ ಫೆಬ್ರವರಿ 28ರಂದು ಗಣಿ ಕಂಪನಿ ಬಿಜಿಎಂಎಲ್ ಮುಚ್ಚಿದಾಗ ಹೋದದ್ದು ಕೆಲಸ ಮಾತ್ರವಲ್ಲ, ಆಸ್ಪತ್ರೆಯೂ ಹೋಯಿತು. ಅದು ರಾತ್ರೋರಾತ್ರಿ ಬಂದೆರಗಿದ ಕಷ್ಟವೂ ಅಲ್ಲ. 1992ರಲ್ಲೇ ಕಂಪನಿ ರೋಗಗ್ರಸ್ತ ಕೈಗಾರಿಕೆಗಳ ಮಂಡಳಿಯ ಮುಂದೆ ನಿಂತಿತ್ತು. ಎಚ್ಚೆತ್ತುಕೊಳ್ಳಲು ಎಂಟೊಂಬತ್ತು ವರ್ಷವಿದ್ದರೂ ಊರಿಗೆ ಬೇರೆ ಆಸರೆ ಕಟ್ಟಿಕೊಡುವ ಕೆಲಸವನ್ನು ಆಳಿದವರು ಮಾಡಲಿಲ್ಲ. ಆ ನೋವನ್ನು ಉಂಡ ಊರು ಇದು. ಇನ್ನೊಮ್ಮೆ ಕಾದು ಕೂರುವುದು ಸಲ್ಲದು.

ಫೋನಿನಲ್ಲೂ ಇಂಥದ್ದು ನಡೆದಿದೆ. 2018ರ ಫೆಬ್ರವರಿಯಲ್ಲಿ ಏರ್‌ಸೆಲ್ ದಿವಾಳಿಯಾಯಿತು. ಪಕ್ಕದ ತಮಿಳುನಾಡಿನಲ್ಲಿ, ನಮ್ಮ ಕೆಜಿಎಫ್‌ನ ಎಷ್ಟೋ ಮನೆಗಳ ನೆಂಟರಿಷ್ಟರು ಇರುವ ಊರುಗಳಲ್ಲಿ, ಸಿಗ್ನಲ್ ಇದ್ದಕ್ಕಿದ್ದಂತೆ ಸತ್ತಿತು. ಪೋರ್ಟ್ ಮಾಡಿಸಲು ಕೋಡ್ ಬೇಕು, ಕೋಡ್ ಬರಲು ಎಸ್‌ಎಂಎಸ್ ಬೇಕು, ಎಸ್‌ಎಂಎಸ್ ಬರಲು ಸಿಗ್ನಲ್ಲೇ ಇಲ್ಲ. ಬ್ಯಾಂಕಿನ ಒಟಿಪಿಯೂ ಅದೇ ನಂಬರಿಗೆ. ಜನ ಅಂಗಡಿಗಳ ಮುಂದೆ ಮುಗಿಬಿದ್ದರು. ಆಗ ಹೋಗಿ ಸೇರಲು ಬೇರೆ ಕಂಪನಿಗಳಿದ್ದವು ಎಂಬುದೊಂದೇ ಸಮಾಧಾನ.

ಇನ್ನೂ ದೂರಕ್ಕೆ, ನೈಜೀರಿಯಾದತ್ತ ನೋಡಿ. ಅಲ್ಲಿನ ಸರ್ಕಾರಿ ಕಂಪನಿ ನೈಟೆಲ್ ಹಾಳುಬಿದ್ದು ಯಾವ ಕಾಲವೋ ಆಯಿತು. 2008ರಲ್ಲಿ ಸೇವೆ ಆರಂಭಿಸಿದ ಎತಿಸಲಾತ್ ಕಂಪನಿ ಎರಡು ಕೋಟಿ ಗ್ರಾಹಕರನ್ನು ಗಳಿಸಿತ್ತು. 120 ಕೋಟಿ ಡಾಲರ್ ಸಾಲ ತೀರಿಸಲಾಗದೆ 2017ರಲ್ಲಿ ಅಬುಧಾಬಿಯ ಮಾಲೀಕರು ಕೈಬಿಟ್ಟು ಹೋದರು. 9ಮೊಬೈಲ್ ಎಂದು ಹೆಸರು ಬದಲಾಯಿತು, ಬಂಡವಾಳ ಬರಲಿಲ್ಲ, ಗ್ರಾಹಕರು ಕರಗುತ್ತ ಹೋದರು. ಈಗ ಅಲ್ಲಿ ಮಾರುಕಟ್ಟೆಯ ಬಹುಪಾಲು ಎಂಟಿಎನ್ ಮತ್ತು ಏರ್‌ಟೆಲ್‌ದು. ಹೌದು, ನಮ್ಮದೇ ಏರ್‌ಟೆಲ್. 2010ರಲ್ಲಿ ಝೈನ್ ಕಂಪನಿಯ ಆಫ್ರಿಕಾ ವ್ಯವಹಾರವನ್ನು ಕೊಂಡು ಅದು ಅಲ್ಲಿಗೆ ಕಾಲಿಟ್ಟಿತು. 2025ರ ಜನವರಿಯಲ್ಲಿ ಅಲ್ಲಿನ ನಿಯಂತ್ರಣ ಆಯೋಗ ದರವನ್ನು 50% ತನಕ ಏರಿಸಲು ಒಪ್ಪಿಗೆ ಕೊಟ್ಟಿತು. ನಾಣ್ಯ ಕುಸಿದದ್ದು, ಡೀಸೆಲ್ ದುಬಾರಿಯಾದದ್ದು ಕಾರಣವೆಂಬುದು ನಿಜ. ಆದರೆ ಏರಿದ ದರ ಬೇಡ ಎನ್ನುವವರಿಗೆ ಹೋಗಲು ಗಟ್ಟಿಯಾದ ಇನ್ನೊಂದು ಮನೆ ಉಳಿದಿರಲಿಲ್ಲ ಎಂಬುದೂ ಅಷ್ಟೇ ನಿಜ.

ಬಂಗಾರಪೇಟೆಯಲ್ಲಿ ಫೋನು ಹರಟೆಯ ವಸ್ತುವಾಗಿ ಉಳಿದಿಲ್ಲ. ಸಂಜೆ ಪಾನಿಪುರಿ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಗೊತ್ತಾಗುತ್ತದೆ. ನಮ್ಮೂರಿನ ಆ ತಿಳಿನೀರಿನ ಪಾನಿ ತಟ್ಟೆಗೆ ಬೀಳುವ ಮೊದಲೇ ಹಣ ಬಂತೆಂದು ಡಬ್ಬಿ ಕೂಗುತ್ತದೆ. ಆ ಡಬ್ಬಿಯೊಳಗೂ ಒಂದು ಸಿಮ್ ಇದೆ. ನೆಟ್‌ವರ್ಕ್ ಹೋದರೆ ಗಾಡಿಯವನ ಆ ದಿನದ ದುಡಿಮೆಯೇ ಕೈಕೊಟ್ಟಂತೆ. ಮಾರಿಕುಪ್ಪಂ, ಉರಿಗಾಂ, ಕೊರಮಂಡಲ್‌ನಿಂದ ಬೆಳಕು ಹರಿಯುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನರಿಗೆ ಮನೆಯೊಂದಿಗಿನ ನಂಟು ಅದೇ ಫೋನು. ಗೃಹಲಕ್ಷ್ಮಿ ಹಣ ಬಂತೋ ಇಲ್ಲವೋ ತಿಳಿಯುವುದೂ ಬ್ಯಾಂಕಿನ ಎಸ್‌ಎಂಎಸ್‌ನಿಂದ.

ಹಾಗಾಗಿ ಬಿಎಸ್‌ಎನ್‌ಎಲ್ ಉಳಿಯಬೇಕು ಎಂದು ನಾವು ಹೇಳುವುದು ಅಭಿಮಾನದಿಂದಲ್ಲ. ಅದು ಇದ್ದರೆ ಉಳಿದಿಬ್ಬರ ದರಕ್ಕೆ ಒಂದು ತಡೆ ಇರುತ್ತದೆ. 2019ರಿಂದ ಕೇಂದ್ರ ಮೂರು ಸಲ ಸಾವಿರಾರು ಕೋಟಿಗಳ ಪುನಶ್ಚೇತನ ಪ್ಯಾಕೇಜ್ ಪ್ರಕಟಿಸಿದೆ. ಅದರಲ್ಲಿ ಕೋಲಾರ ಜಿಲ್ಲೆಯ ಎಷ್ಟು ಟವರ್‌ಗಳಿಗೆ ಹೊಸ ಬ್ಯಾಟರಿ ಬಂತು, ಕರೆಂಟು ಹೋದಾಗ ಯಾವ ಟವರ್ ಎಷ್ಟು ಹೊತ್ತು ನಿಲ್ಲುತ್ತದೆ, ದುರಸ್ತಿಗೆ ಎಷ್ಟು ಜನರಿದ್ದಾರೆ ಎಂಬುದನ್ನು ಸಂಸ್ಥೆ ತಿಂಗಳು ತಿಂಗಳು ಪ್ರಕಟಿಸಲಿ. ಕೋಲಾರದ ಸಂಸದರು ಈ ಲೆಕ್ಕವನ್ನು ಲೋಕಸಭೆಯಲ್ಲಿ ಕೇಳಲಿ. ಒಳಬರುವ ಕರೆ ಮತ್ತು ಬ್ಯಾಂಕ್ ಎಸ್‌ಎಂಎಸ್ ಮಾತ್ರ ಸಾಕೆನ್ನುವವರಿಗೆ 50 ರೂಪಾಯಿಯೊಳಗಿನ ತಿಂಗಳ ದರವನ್ನು ಎಲ್ಲ ಕಂಪನಿಗಳಿಗೂ ಟ್ರಾಯ್ ಕಡ್ಡಾಯ ಮಾಡಲಿ. ಮೂವತ್ತು ದಿನಕ್ಕೆ ತಿಂಗಳು ಎನ್ನುವ ಸರಳ ನ್ಯಾಯವೂ ಅದರಲ್ಲಿರಲಿ.

ಓದುಗರು ಮಾಡಬಹುದಾದದ್ದೂ ಇದೆ. ಮನೆಯಲ್ಲಿ ನಾಲ್ಕು ಫೋನುಗಳಿದ್ದರೆ ನಾಲ್ಕೂ ಒಂದೇ ಕಂಪನಿಯವು ಬೇಡ. ಬ್ಯಾಂಕಿಗೆ, ಆಧಾರ್‌ಗೆ ಕೊಟ್ಟ ನಂಬರ್ ಯಾವುದು, ಅದು ನಡೆಯುತ್ತಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ರೀಚಾರ್ಜ್ ಮಾಡಿಸಲಾಗದೆ ಮೂಲೆಗಿಟ್ಟ ಸಿಮ್ಮಿನ ನಂಬರನ್ನು ಕಂಪನಿ 90 ದಿನಕ್ಕೆ ಮೊದಲು ಕಿತ್ತುಕೊಳ್ಳುವಂತಿಲ್ಲ. ಮುಖ್ಯ ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ದರೆ ಅಷ್ಟನ್ನು ಮುರಿದುಕೊಂಡು ಇನ್ನೂ 30 ದಿನ ನಂಬರ್ ಉಳಿಸಬೇಕು. ಇದು ಟ್ರಾಯ್ ನಿಯಮ. ನೆರೆಮನೆಯ ಹಿರಿಯರಿಗೂ ತಿಳಿಸಿ.