ಹಾಸಿಗೆ ಹಿಡಿದವರ ಶುಶ್ರೂಷೆ

ಪಾರ್ಶ್ವವಾಯುವಿನಿಂದ ಬಲಭಾಗದ ಸ್ವಾಧೀನ ತಪ್ಪಿದ ತಮ್ಮ ತಾಯಿಯವರನ್ನು ವೃದ್ಧಾಶ್ರಮದಲ್ಲಿ ಇರಿಸಿರುವ ಸೋದರಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ವಾರಕ್ಕೊಮ್ಮೆ ಹೋಗಿ ನೋಡಿಬರುತ್ತಾರಂತೆ. ಹೋದಾಗಲೆಲ್ಲ ಹಾಸಿಗೆ ಶುಭ್ರವಾಗಿರುತ್ತದೆ, ತಲೆ ಬಾಚಿರುತ್ತದೆ, ಪರಿಚಾರಕಿ ನಗುಮುಖದಿಂದ ಮಾತನಾಡುತ್ತಾಳೆ. ಆದರೆ ತಾಯಿಯವರಿಗೆ ಮಾತು ಹೊರಡದು. ಮಿಕ್ಕ ಆರು ದಿನಗಳಲ್ಲಿ ಅವರನ್ನು ಹೇಗೆ ನೋಡಿಕೊಳ್ಳುವರೆಂಬುದನ್ನು ತಿಳಿಯುವ ಬಗೆ ಯಾವುದು ಎಂಬುದೇ ಅವರ ಪ್ರಶ್ನೆ.

ಈ ಪ್ರಶ್ನೆ ಅವರೊಬ್ಬರದಲ್ಲ. 2011ರ ಜನಗಣತಿಯ ಕಾಲಕ್ಕೇ ನಮ್ಮ ದೇಶದಲ್ಲಿ 60 ವರ್ಷ ತುಂಬಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಇವರಲ್ಲಿ ಅನೇಕರ ಸ್ನಾನ, ಊಟ, ಶೌಚಗಳು ಈಗ ಸಂಬಳದ ಪರಿಚಾರಕರ ಕೈಯಲ್ಲಿವೆ. ಆ ಕೆಲಸದ ಮರ್ಮವನ್ನು ಗೃಹಸ್ಥರಾದ ನಾವೂ ಅರಿತಿರದಿದ್ದರೆ ಒಳ್ಳೆಯ ಪರಿಚಾರಕಿಯನ್ನು ಮೆಚ್ಚಲೂ ತಿಳಿಯದು, ಅರಿಯದವಳನ್ನು ತಿದ್ದಲೂ ತಿಳಿಯದು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿದೆ. ಪರಿಚಾರಕನಿಗೆ ವಿಧಿಸಿದ ಗುಣಗಳೂ ನಾಲ್ಕೇ: ಉಪಚಾರದ ತಿಳಿವಳಿಕೆ, ದಕ್ಷತೆ, ತಾನು ನೋಡಿಕೊಳ್ಳುವವರಲ್ಲಿ ಅನುರಾಗ, ಶುಚಿತ್ವ. ತಿಳಿವಳಿಕೆ ಮೊದಲು ಬಂದಿದೆ, ಅನುರಾಗ ಮೂರನೆಯದಾಗಿ ಬಂದಿದೆ ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಮನೆಗಳಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಪ್ರೀತಿಯೊಂದಿದ್ದರೆ ಉಳಿದುದೆಲ್ಲ ತಾನಾಗಿ ಬರುವುದೆಂದು ನಂಬುತ್ತೇವೆ. ಮಲಗಿದವರ ಬಾಯಿಗೆ ಪ್ರೀತಿಯಿಂದಲೇ ನೀರು ಹೊಯ್ದು ಶ್ವಾಸನಾಳಕ್ಕೆ ಇಳಿಸುವವರೂ ಉಂಟು.

ಸೋದರಿಯವರು ಮೊದಲು ನೋಡತಕ್ಕದ್ದು ತಲೆಯನ್ನಲ್ಲ, ಹಿಮ್ಮಡಿಯನ್ನು. ಹೊದಿಕೆಯನ್ನು ಸರಿಸಿ ಎರಡು ಹಿಮ್ಮಡಿಗಳನ್ನೂ ಮುಟ್ಟಿ ನೋಡಲಿ. ಒಂದೇ ಭಂಗಿಯಲ್ಲಿ ಮಲಗಿದವರ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸದಲ್ಲಿ ರಕ್ತಸಂಚಾರ ನಿಂತು, ಕೆಲವು ಗಂಟೆಗಳಲ್ಲೇ ಆ ಭಾಗ ಕೆಡತೊಡಗುತ್ತದೆ. ಹಾಸಿಗೆಹುಣ್ಣು ಹುಟ್ಟುವುದು ಹೀಗೆ. ಹಿಮ್ಮಡಿ, ಬೆನ್ನಿನ ಕೆಳತುದಿ, ಸೊಂಟದ ಪಕ್ಕದ ಎಲುಬು, ಮೊಣಕೈ, ತಲೆಯ ಹಿಂಭಾಗ, ಇವು ಅದರ ನೆಲೆಗಳು. ಬಿಳಿಯ ಮೈಯವರಲ್ಲಿ ಮೊದಲು ಕೆಂಪು ಕಾಣುವುದು. ನಮ್ಮಂತಹ ಕಪ್ಪು ಮೈಬಣ್ಣದವರಲ್ಲಿ ಅದು ಸುಲಭವಾಗಿ ಕಾಣದು. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ, ಬಣ್ಣ ಕಂದಿದೆಯೇ ಎಂದು ಕೈಯಿಂದಲೇ ತಿಳಿಯಬೇಕು.

ಇದಕ್ಕೆ ಮದ್ದಿಗಿಂತ ಮಗ್ಗುಲು ಬದಲಿಸುವುದೇ ಮುಖ್ಯ. ಸಾಮಾನ್ಯವಾಗಿ 2 ಗಂಟೆಗೊಮ್ಮೆ, ರಾತ್ರಿಯಲ್ಲಿಯೂ, ತಿರುಗಿಸಬೇಕು. ಪೂರ್ತಿ ಪಕ್ಕಕ್ಕೆ ಉರುಳಿಸದೆ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಓರೆಯಾಗಿ ಮಲಗಿಸುವುದು ಮೇಲು. ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಕೊಟ್ಟು ಎಳೆಯಲೇ ಕೂಡದು. ಎಳೆದರೆ ಚರ್ಮ ಹಾಸಿಗೆಗೆ ಅಂಟಿ ಒಳಗಿನ ಮಾಂಸ ಜಗ್ಗುತ್ತದೆ, ಸ್ವಾಧೀನವಿಲ್ಲದ ತೋಳಿನ ಕೀಲೂ ಜಾರೀತು. ಸೊಂಟದ ಕೆಳಗೆ ಅಡ್ಡಲಾಗಿ ಹಾಸಿದ ಮಡಿಸಿದ ಬಟ್ಟೆಯನ್ನು ಎರಡು ಕಡೆ ಇಬ್ಬರು ಹಿಡಿದು ಎತ್ತಿ ಸರಿಸಬೇಕು. ಹಿಂದೆ ಆಸ್ಪತ್ರೆಗಳಲ್ಲಿ ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ ಉಜ್ಜುತ್ತಿದ್ದರು. ಅದರಿಂದ ಕೆಡುಕೇ ಹೆಚ್ಚೆಂದು ಈಗ ತಿಳಿದಿದೆ. ಗಾಳಿಹಾಸಿಗೆ ತಂದುಕೊಟ್ಟು ನಿಶ್ಚಿಂತರಾಗುವವರಿಗೂ ಒಂದು ಮಾತು: ಅದು ಸಹಾಯಕವೇ ಹೊರತು ಮಗ್ಗುಲು ಬದಲಿಸುವುದಕ್ಕೆ ಬದಲಲ್ಲ.

ಎರಡನೆಯದಾಗಿ, ಭೇಟಿಗೆ ಊಟದ ವೇಳೆಯನ್ನೇ ಆರಿಸಿಕೊಳ್ಳಲಿ. ಬಲ್ಲ ಪರಿಚಾರಕಿ ಮೊದಲು ಕೈ ತೊಳೆಯುತ್ತಾಳೆ, ರೋಗಿಯನ್ನು ನೆಟ್ಟಗೆ ಕುಳ್ಳಿರಿಸುತ್ತಾಳೆ, ತಾನೂ ಎದುರಿಗೆ ಕುಳಿತುಕೊಳ್ಳುತ್ತಾಳೆ. ಚಮಚ ಚಿಕ್ಕದು, ಒಂದು ತುತ್ತು ಗಂಟಲಿಳಿದ ಮೇಲೆಯೇ ಇನ್ನೊಂದು. ಸ್ವಾಧೀನ ತಪ್ಪಿದ ಕೆನ್ನೆಯೊಳಗೆ ಅನ್ನ ಉಳಿದಿದೆಯೇ ಎಂದು ನೋಡುತ್ತಾಳೆ. ಕೆಮ್ಮು ಬಂದರೆ, ಇಲ್ಲವೆ ದನಿ ಒದ್ದೆಯಾದಂತೆ ಕೇಳಿಸಿದರೆ, ಉಣಿಸುವುದನ್ನು ನಿಲ್ಲಿಸಿ ದಾದಿಗೆ ತಿಳಿಸುತ್ತಾಳೆ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸುವುದಿಲ್ಲ. ಇಂತಹ ರೋಗಿಗಳಿಗೆ ನೀರು, ತಿಳಿಸಾರುಗಳೇ ಗಂಜಿಗಿಂತ ಅಪಾಯವಾಗುವುದುಂಟು; ಯಾವುದು ಎಷ್ಟು ಮಂದವಿರಬೇಕೆಂಬುದನ್ನು ವೈದ್ಯರಿಂದ ಕೇಳಿಕೊಳ್ಳಬೇಕು. ಹಲ್ಲಿಲ್ಲದವರ ಬಾಯನ್ನೂ ದಿನಕ್ಕೆ ಎರಡು ಸಲ ಶುಚಿಮಾಡಬೇಕು. ಬಾಯಿಯ ಕೊಳೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯವಾಗುವುದು ವೃದ್ಧರಲ್ಲಿ ಅಪರೂಪವಲ್ಲ.

ಇಲ್ಲಿ ಆಚಾರದ ತೊಡಕೊಂದುಂಟು. ಬಲಗೈ ಬಿದ್ದವರು ಎಡಗೈಯಿಂದ ಚಮಚ ಹಿಡಿದರೆ, ಅಶುಭವೆಂದು ಕಸಿದುಕೊಂಡು ತಾವೇ ತಿನ್ನಿಸುವ ಮನೆಯವರಿದ್ದಾರೆ. ಶಾಸ್ತ್ರವನ್ನು ಕೊಂಚ ಓದಿದ ನಾವು ಹೇಳುತ್ತೇವೆ, ಆಪದ್ಧರ್ಮವೆಂಬ ಮಾತು ಇರುವುದು ಇಂತಹ ಸಂದರ್ಭಕ್ಕಾಗಿಯೇ. ಉಳಿದ ಕೈ ಮಾಡಬಲ್ಲುದನ್ನು ಮಾಡಲು ಬಿಡಬೇಕು. ಬಟ್ಟೆ ಒದ್ದೆಮಾಡಿ ಕೈಗಿತ್ತು, ಮುಖವನ್ನು ಅವರೇ ಒರಸಿಕೊಳ್ಳುವವರೆಗೆ ಕಾದಿರುವುದು ಸಣ್ಣ ಕೆಲಸವಲ್ಲ. ಅವಸರದ ಪರಿಚಾರಕಿ ಎಲ್ಲವನ್ನೂ ತಾನೇ ಮಾಡಿ ಮುಗಿಸುತ್ತಾಳೆ. ಕೆಲವು ತಿಂಗಳಲ್ಲಿ ಇದ್ದ ಶಕ್ತಿಯೂ ಹೋಗುತ್ತದೆ.

ಸ್ನಾನದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಬೇಕು, ಏಕೆಂದರೆ ಸ್ವಾಧೀನವಿಲ್ಲದ ಮೈಗೆ ಸುಟ್ಟರೂ ತಿಳಿಯದಿರಬಹುದು. ತೊಳೆಯುವ ಭಾಗವನ್ನು ಬಿಟ್ಟು ಉಳಿದ ಮೈ ಮುಚ್ಚಿರಬೇಕು. ಗುಹ್ಯಭಾಗವನ್ನು ಮುಂದಿನಿಂದ ಹಿಂದಕ್ಕೆ ಶುಚಿಮಾಡಬೇಕು. ರವಿಕೆ ತೊಡಿಸುವಾಗ ಬಿದ್ದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಮುಟ್ಟುವ ಮೊದಲು, ಮಾತು ಬಾರದವರಾದರೂ, ಏನು ಮಾಡುವೆನೆಂದು ಅವರಿಗೆ ಹೇಳಬೇಕು. ಮಾತು ಹೊರಡದವರಿಗೆ ಮಾತು ತಿಳಿಯುವುದಿಲ್ಲವೆಂದು ಭಾವಿಸಬಾರದು. ಎಂಬತ್ತು ವರ್ಷದವರನ್ನು ಏಕವಚನದಲ್ಲಿ ಕರೆದು, ಮಗುವಿಗೆ ಹೇಳುವಂತೆ ‘ಬಾಯಿ ತೆಗಿ’ ಎನ್ನುವುದು ನಮ್ಮ ಕಿವಿಗೆ ಹಾಸಿಗೆಹುಣ್ಣಿನಷ್ಟೇ ನೋವಿನದು.

ಇಷ್ಟನ್ನೂ ನೋಡಿದ ಮೇಲೆ ಆಶ್ರಮದ ವ್ಯವಸ್ಥಾಪಕರನ್ನು ಒಂದೆರಡು ಮಾತು ಕೇಳಬೇಕು. ರಾತ್ರಿ ಒಬ್ಬ ಪರಿಚಾರಕಿಯ ಪಾಲಿಗೆ ಎಷ್ಟು ಮಂದಿ ಹಾಸಿಗೆ ಹಿಡಿದವರು? ಮಗ್ಗುಲು ತಿರುಗಿಸಿದ ವೇಳೆಯನ್ನು ಬರೆದಿಡುವ ಪಟ್ಟಿ ಇದೆಯೇ? ಒಬ್ಬಳೇ ಹದಿನೈದು ಮಂದಿಯನ್ನು ನೋಡಬೇಕಾದಲ್ಲಿ ಎರಡು ಗಂಟೆಯ ನಿಯಮ ಗೋಡೆಯ ಮೇಲಿನ ಬರಹವಾಗಿ ಉಳಿಯುವುದು. ಅಲ್ಲಿ ತಪ್ಪು ಅವಳದಲ್ಲ.

ಪರಿಚಾರಕಿಯನ್ನು ಸಂಶಯದಿಂದ ಪರೀಕ್ಷಿಸುವ ಬದಲು, ತಾಯಿಯವರನ್ನು ಮಗ್ಗುಲಾಗಿಸುವ ಬಗೆಯನ್ನು ತಮಗೂ ಕಲಿಸಿಕೊಡಮ್ಮಾ ಎಂದು ಸೋದರಿಯವರು ಕೇಳಲಿ. ಬಲ್ಲವಳಾದರೆ ಸಂತೋಷದಿಂದ ತೋರಿಸಿಕೊಡುವಳು; ಬಟ್ಟೆಯ ಇನ್ನೊಂದು ಅಂಚನ್ನು ಹಿಡಿಯಲು ಆ ಹೊತ್ತಿಗೆ ಅವಳಿಗೂ ಒಂದು ಕೈ ಬೇಕಾಗಿರುವುದು.