ಮೊದಲ ಅಳು

ಹೆರಿಗೆಯ ಕೋಣೆಯ ಹೊರಗೆ ಕಾದು ಕುಳಿತ ಬಂಧುಗಳೆಲ್ಲರೂ ಕಿವಿಗೊಟ್ಟು ಆಲಿಸುವ ಶಬ್ದವೊಂದೇ: ಮಗುವಿನ ಅಳು. ಅದು ಕೇಳಿಸಿದೊಡನೆ ಅಜ್ಜಿ ದೇವರಿಗೆ ಕೈಮುಗಿಯುತ್ತಾಳೆ, ತಂದೆ ಸಕ್ಕರೆ ಹಂಚಲು ಅಂಗಡಿಗೆ ಓಡುತ್ತಾನೆ. ಮನುಷ್ಯನ ಆಯುಷ್ಯದಲ್ಲಿ ಅವನ ಅಳುವಿನಿಂದ ಇಷ್ಟು ಜನ ಸಂತೋಷಪಡುವ ಸಂದರ್ಭ ಇನ್ನೊಂದಿಲ್ಲ. ಆದರೆ ಹುಟ್ಟುವ ಹತ್ತು ಕೂಸುಗಳಲ್ಲಿ ಸುಮಾರು ಒಂದು ತಾನಾಗಿಯೇ ಉಸಿರಾಡಲು ತೊಡಗುವುದಿಲ್ಲ; ಅದಕ್ಕೆ ಯಾರಾದರೂ ನೆರವಾಗಬೇಕು. ನೆರವಾಗಲು ಇರುವ ಅವಧಿ ಒಂದೇ ನಿಮಿಷ. ವೈದ್ಯರು ಅದನ್ನು ‘ಚಿನ್ನದ ನಿಮಿಷ’ ಎನ್ನುತ್ತಾರೆ. ಆ ನಿಮಿಷದಲ್ಲಿ ಕೂಸಿನ ಬಳಿ ನಿಂತಿರುವವರು ಯಾರು?

ನಗರದ ದೊಡ್ಡ ಆಸ್ಪತ್ರೆಯಲ್ಲಾದರೆ ಮಕ್ಕಳ ತಜ್ಞರಿರುತ್ತಾರೆ, ಗಾಜಿನ ಪೆಟ್ಟಿಗೆಗಳಿರುತ್ತವೆ, ಕರೆದರೆ ಓಡಿಬರುವವರಿರುತ್ತಾರೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಎರಡು ಗಂಟೆಗೆ ಇರುವವಳು ಒಬ್ಬ ದಾದಿ. ಜೊತೆಗೆ ಬಹಳವಾದರೆ ಒಬ್ಬ ಆಯಾ. ತಾಯಿಗೆ ರಕ್ತಸ್ರಾವ ಹೆಚ್ಚಾಗದಂತೆ ನೋಡಬೇಕಾದವಳೂ ಆಕೆಯೇ, ಕೂಸಿನ ಉಸಿರನ್ನು ಗಮನಿಸಬೇಕಾದವಳೂ ಆಕೆಯೇ. ಎರಡು ಜೀವ, ಎರಡೇ ಕೈ.

ಕೇಂದ್ರ ಸರ್ಕಾರವು ೨೦೦೫ರಲ್ಲಿ ಜನನಿ ಸುರಕ್ಷಾ ಯೋಜನೆಯನ್ನು ಆರಂಭಿಸಿ, ಆಸ್ಪತ್ರೆಯಲ್ಲಿ ಹೆರುವ ಬಡ ತಾಯಂದಿರಿಗೆ ಧನಸಹಾಯ ನೀಡತೊಡಗಿತು. ೨೦೦೮ರಲ್ಲಿ ಕರ್ನಾಟಕಕ್ಕೆ ೧೦೮ರ ಆಂಬುಲೆನ್ಸ್ ಬಂದಿತು. ಮನೆಯ ಕತ್ತಲೆಯ ಮೂಲೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಆಗುತ್ತಿದ್ದ ಹೆರಿಗೆಗಳು ಒಂದೊಂದಾಗಿ ಆಸ್ಪತ್ರೆಯ ಬಾಗಿಲಿಗೆ ಬಂದವು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಬಾಗಿಲು ದಾಟಿ ಬಂದ ಮೇಲೆ ಒಳಗೆ ಏನು ದೊರೆಯಿತು ಎಂಬ ಪ್ರಶ್ನೆ ಆಮೇಲೆ ಎದ್ದಿತು. ಕಟ್ಟಡವು ಕೂಸಿಗೆ ಉಸಿರು ಊದುವುದಿಲ್ಲವಷ್ಟೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಉತ್ತರ ಕರ್ನಾಟಕದಲ್ಲಿ ನಡೆದ ಪ್ರಯತ್ನವೊಂದು ವಾಚಕರ ಗಮನಕ್ಕೆ ಅರ್ಹವಾದುದು. ‘ಸುಕ್ಷೇಮ’ ಎಂಬ ಹೆಸರಿನ ಆ ಯೋಜನೆಯನ್ನು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮುಂತಾದ ಸಂಸ್ಥೆಗಳು ಸರ್ಕಾರದ ಆರೋಗ್ಯ ಇಲಾಖೆಯೊಡಗೂಡಿ ನಡೆಸಿದವು. ಹಿಂದುಳಿದವೆಂದು ಹೆಸರಾದ ಎಂಟು ಜಿಲ್ಲೆಗಳು ಅದರ ಕ್ಷೇತ್ರ. ಅದರ ಅಂಗವಾಗಿ ಬಳ್ಳಾರಿ ಮತ್ತು ಗುಲ್ಬರ್ಗ (೨೦೧೪ರಿಂದ ಕಲಬುರಗಿ) ಜಿಲ್ಲೆಗಳಲ್ಲಿ ಹಗಲಿರುಳೂ ತೆರೆದಿರುವ ೧೦೮ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿಕೊಂಡು ಒಂದು ಪರೀಕ್ಷೆ ನಡೆಯಿತು. ಎಲ್ಲ ಕೇಂದ್ರಗಳ ಸಿಬ್ಬಂದಿಗೂ ಆರಂಭದಲ್ಲಿ ಒಂದು ತರಬೇತಿ. ಎಲ್ಲರಿಗೂ ಹೆರಿಗೆಯ ವಿವರ ಬರೆಯಲು ಹೊಸ ಮಾದರಿಯ ಕಡತ. ಆದರೆ ೫೪ ಕೇಂದ್ರಗಳಿಗೆ ಮಾತ್ರ ಇನ್ನೊಂದು ಹೆಚ್ಚಿನ ನೆರವು: ಅನುಭವಿಯಾದ ಮಾರ್ಗದರ್ಶಿ ದಾದಿಯೊಬ್ಬಳು ಆರು ಸಲ ಖುದ್ದಾಗಿ ಅಲ್ಲಿಗೆ ಬಂದು, ಅಲ್ಲಿಯ ದಾದಿಯರ ಜೊತೆಯಲ್ಲಿ ಕೆಲಸ ಮಾಡುವುದು.

ಇಲ್ಲಿ ‘ಜೊತೆಯಲ್ಲಿ’ ಎಂಬ ಮಾತಿಗೆ ಒತ್ತು ಕೊಡಬೇಕು. ಸರ್ಕಾರಿ ಆಸ್ಪತ್ರೆಗೆ ಮೇಲಿನಿಂದ ಬರುವವರು ಸಾಮಾನ್ಯವಾಗಿ ತಪಾಸಣೆಗೆ ಬರುವವರು. ಅವರು ಬರುವ ಸುಳಿವು ಸಿಕ್ಕೊಡನೆ ನೆಲ ತೊಳೆಯಲಾಗುತ್ತದೆ, ರಿಜಿಸ್ಟರಿನ ಖಾಲಿ ಮನೆಗಳೆಲ್ಲ ತುಂಬಿಕೊಳ್ಳುತ್ತವೆ. ಅವರು ಹೋದ ಮೇಲೆ ಎಲ್ಲವೂ ಮೊದಲಿನಂತೆ. ಮಾರ್ಗದರ್ಶಿ ದಾದಿಗೆ ವರ್ಗ ಮಾಡಿಸುವ ಅಧಿಕಾರವಿಲ್ಲ, ನೋಟೀಸು ಕೊಡುವ ಅಧಿಕಾರವೂ ಇಲ್ಲ. ಆಕೆಯ ಬಂಡವಾಳವೆಂದರೆ ಹೆರಿಗೆಯ ಕೋಣೆಯಲ್ಲಿ ಕಳೆದ ವರ್ಷಗಳು. ಅಧಿಕಾರವಿಲ್ಲದಿರುವುದೇ ಆಕೆಯ ಬಲ ಎಂದರೂ ತಪ್ಪಾಗಲಾರದು. ಮೇಲಧಿಕಾರಿಯ ಮುಂದೆ ಮುಚ್ಚಿಡುವ ಅಂಜಿಕೆಯನ್ನು ತನ್ನಂತೆಯೇ ಸಮವಸ್ತ್ರ ತೊಟ್ಟವಳ ಮುಂದೆ ಹೇಳಿಕೊಳ್ಳಬಹುದು: “ಕೂಸು ನೀಲಿಯಾದಾಗ ಕೈ ನಡುಗ್ತಾವ್ರಿ ಸಿಸ್ಟರ್.” ತರಬೇತಿಯ ಸಭಾಂಗಣದಲ್ಲಿ ಈ ಮಾತು ಹೊರಬೀಳುವುದಿಲ್ಲ.

ಆಕೆ ಮಾಡುವ ಕೆಲಸದಲ್ಲಿ ಕಣ್ಣು ಕೋರೈಸುವಂಥದೇನೂ ಇಲ್ಲ. ಬೀರುವನ್ನು ತೆರೆಸಿ ಅಂಬು ಬ್ಯಾಗನ್ನು ಹೊರಗೆ ತೆಗೆಸುತ್ತಾಳೆ. ಇದು ಕೈಯಿಂದ ಒತ್ತಿ ಕೂಸಿನ ಶ್ವಾಸಕೋಶಕ್ಕೆ ಗಾಳಿ ತುಂಬುವ, ಬಿಟ್ಟೊಡನೆ ತಾನೇ ಉಬ್ಬಿಕೊಳ್ಳುವ ಚೀಲ. ೧೯೫೬ರಲ್ಲಿ ಡೆನ್ಮಾರ್ಕಿನಲ್ಲಿ ಹೋಲ್ಗರ್ ಹೆಸ್ಸೆ ಮತ್ತು ಹೆನ್ನಿಂಗ್ ರೂಬೆನ್ ಎಂಬಿಬ್ಬರು ರೂಪಿಸಿದ ಈ ಉಪಕರಣಕ್ಕೆ ವಿದ್ಯುತ್ತು ಬೇಡ. ಆಮ್ಲಜನಕದ ಸಿಲಿಂಡರೂ ಕಡ್ಡಾಯವಲ್ಲ. ದಿನ ತುಂಬಿ ಹುಟ್ಟಿದ ಕೂಸಿಗೆ ಸಾಧಾರಣ ಗಾಳಿಯಿಂದಲೇ ಆರಂಭಿಸಬೇಕೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಕರೆಂಟು ಹೋಗುವ ಊರಿಗೆ ಇದಕ್ಕಿಂತ ಒಪ್ಪುವ ವಸ್ತು ಮತ್ತಾವುದಿದೆ? ಆದರೆ ಅದು ಬೀಗದೊಳಗಿದ್ದು, ಬೀಗದ ಕೈ ಹಗಲು ಪಾಳಿಯವರ ಚೀಲದಲ್ಲಿ ಮನೆಗೆ ಹೋಗಿದ್ದರೆ, ಇದ್ದೂ ಇಲ್ಲದಂತೆಯೇ. ಆದ್ದರಿಂದ ಮೊದಲನೆಯ ಪಾಠ ಅಂಬು ಬ್ಯಾಗಿಗೆ ಜಾಗ ಗೊತ್ತುಮಾಡುವುದು: ಹೆರಿಗೆಯ ಮಂಚದಿಂದ ಕೈ ಚಾಚಿದರೆ ಸಿಗುವಲ್ಲಿ, ಮುಸುಕು ಜೋಡಿಸಿ ಸಿದ್ಧವಾಗಿ.

ಎರಡನೆಯದು ಬೊಂಬೆಯ ಮೇಲಿನ ಅಭ್ಯಾಸ. ಕೂಸಿನ ತಲೆ ಎದೆಗೆ ಬಾಗಿದ್ದರೆ ಗಾಳಿಯ ದಾರಿ ಮುಚ್ಚುತ್ತದೆ. ತೀರ ಹಿಂದಕ್ಕೆ ವಾಲಿದರೂ ಮುಚ್ಚುತ್ತದೆ. ಆಕಾಶದ ವಾಸನೆ ನೋಡುವವರಂತೆ ಮೂಗು ತುಸುವೇ ಮೇಲಾಗಿರಬೇಕು. ಮುಸುಕು ಬಾಯಿ ಮೂಗುಗಳನ್ನು ಮುಚ್ಚಿ ಕಣ್ಣಿಗೆ ತಾಗದಂತೆ ಕೂರಬೇಕು. ಒತ್ತು, ಬಿಡು, ಬಿಡು. ನಿಮಿಷಕ್ಕೆ ನಲವತ್ತರಿಂದ ಅರವತ್ತು ಸಲ. ಪ್ರತಿ ಒತ್ತಿಗೂ ಎದೆ ಏಳುತ್ತಿದೆಯೇ ಎಂದು ನೋಡುತ್ತಿರಬೇಕು, ಏಳದಿದ್ದರೆ ಗಾಳಿ ಬೇರೆಲ್ಲೋ ಸೋರುತ್ತಿದೆ. ಓದಿದರೆ ಎರಡು ನಿಮಿಷದ ಪಾಠ. ಕೈಗೆ ಹತ್ತಲು ಹತ್ತಾರು ಸಲ ಮಾಡಬೇಕು. ಮೂರು ತಿಂಗಳು ಬಿಟ್ಟರೆ ಮರೆತುಹೋಗುತ್ತದೆ. ಒಂದೇ ಸಲದ ತರಬೇತಿ ಸಾಲದು, ಆಕೆ ಮತ್ತೆ ಮತ್ತೆ ಬರಬೇಕು ಎನ್ನುವುದಕ್ಕೆ ಇದೇ ಕಾರಣ.

ಇನ್ನು ಚಳಿಯ ವಿಷಯ. ಬಳ್ಳಾರಿ, ಕಲಬುರಗಿಗಳ ಹೆಸರೆತ್ತಿದರೆ ಯಾರಿಗಾದರೂ ಬಿಸಿಲು ನೆನಪಾಗಬೇಕೇ ಹೊರತು ಚಳಿಯಲ್ಲ. ಆ ಸೀಮೆಯಲ್ಲಿಯೂ ನವಜಾತ ಶಿಶು ಶೈತ್ಯದಿಂದ ಅಪಾಯಕ್ಕೊಳಗಾಗುತ್ತದೆಂದರೆ ನಗರದ ವಿದ್ಯಾವಂತರೂ ನಂಬಲು ಹಿಂಜರಿಯುತ್ತಾರೆ. ಕೂಸು ಹುಟ್ಟುವಾಗ ತೊಯ್ದಿರುತ್ತದೆ; ತೇವ ಆರುವಾಗ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಬೇಸಿಗೆಯ ಧಗೆಗೆ ಹೆರಿಗೆಯ ಕೋಣೆಯ ಫ್ಯಾನು ಗರಗರನೆ ತಿರುಗುತ್ತಿರುತ್ತದೆ. ಬೆವರಿ ಬಸವಳಿದ ತಾಯಿಗೆ ಅದು ಹಿತ, ಕೂಸಿಗೆ ಅದೇ ಕಂಟಕ. ಮಗುವಿನ ಮೈಯ ಉಷ್ಣತೆ ೩೬.೫ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಆದುದರಿಂದ ಫ್ಯಾನು ಆರಿಸುವುದು, ಒಣಬಟ್ಟೆಯಿಂದ ಒರಸುವುದು, ಒದ್ದೆಯಾದ ಆ ಬಟ್ಟೆಯನ್ನು ತೆಗೆದೊಗೆದು ಇನ್ನೊಂದನ್ನು ಹೊದಿಸುವುದು, ತಾಯಿಯ ಎದೆಗೆ ಎದೆ ತಾಗುವಂತೆ ಮಲಗಿಸುವುದು, ಒಂದು ಗಂಟೆಯೊಳಗೆ ಮೊಲೆಯೂಡಿಸುವುದು. ಇವುಗಳಲ್ಲಿ ಯಾವುದಕ್ಕೂ ಹಣ ಬೇಕಿಲ್ಲ.

ಹಣ ಬೇಡವಾದ ಕೆಲಸಕ್ಕೆ ಬೇರೆ ಅಡ್ಡಿಗಳಿರುತ್ತವೆ. ಅಜ್ಜಿ ಬಿಸಿನೀರು ಕಾಯಿಸಿಟ್ಟು ಕಾದಿರುತ್ತಾಳೆ. “ಮೈಲಿಗಿ ಕೂಸಿಗೆ ನೀರ ಹಾಕದ ಹೆಂಗ ಎತ್ಗೊಳ್ಳೂದವ್ವಾ?” ಎಂಬುದು ಆಕೆಯ ಪ್ರಶ್ನೆ. ಗದರಿಸಿದರೆ ಆಸ್ಪತ್ರೆಯಲ್ಲಿ ಸುಮ್ಮನಿದ್ದು ಮನೆಗೆ ಹೋದೊಡನೆ ಎರೆಯುತ್ತಾಳೆ. ಬಲ್ಲ ದಾದಿ ಗದರಿಸುವುದಿಲ್ಲ. ಕೂಸಿನ ಪಾದವನ್ನು ಅಜ್ಜಿಯ ಅಂಗೈಗೆ ಕೊಟ್ಟು ಮುಟ್ಟಿಸುತ್ತಾಳೆ. “ಹೊಟ್ಟಿ ಬೆಚ್ಚಗೈತಿ, ಪಾದ ತಣ್ಣಗೈತಿ ನೋಡ್ರಿ. ನಾಳಿಗೆ ನೀವೇ ಎಣ್ಣಿ ಹಚ್ಚಿ ಎರೀರಿ ಯವ್ವಾ. ಇವತ್ತೊಂದಿನ ತಾಯಿ ಎದಿಮ್ಯಾಲ ಬೆಚ್ಚಗಿರಲಿ.” ಅಜ್ಜಿಯ ಅಧಿಕಾರಕ್ಕೆ ಚ್ಯುತಿಯಿಲ್ಲ, ಒಂದು ದಿನದ ಗಡುವು ಮಾತ್ರ. ಹೊಸ ದಾದಿ ಪಕ್ಕದಲ್ಲಿ ನಿಂತು ಇದನ್ನು ಕೇಳಿಸಿಕೊಳ್ಳುತ್ತಾಳೆ. ಇಂಥ ಪಾಠ ಯಾವ ಕೈಪಿಡಿಯಲ್ಲಿಯೂ ಅಚ್ಚಾಗಿರುವುದಿಲ್ಲ.

ಕಡತದ ವಿಚಾರ ನೀರಸವೆಂದು ತೋರಬಹುದು. ಅದನ್ನು ಚುಟುಕಾಗಿ ಹೇಳುವುದಾದರೆ, ಅದು ಬರೆಯುವವಳಿಗೆ ಮುಂದಿನ ಹೆಜ್ಜೆ ಯಾವುದೆಂದು ನೆನಪಿಸುವ ಹಾಳೆ. ಆಮೇಲೆ ಕುಳಿತು ಓದಿದರೆ ಎಲ್ಲಿ ತಡವಾಯಿತೆಂದು ತೋರಿಸುವ ಕನ್ನಡಿ.

೨೦೧೨ರ ಏಪ್ರಿಲಿನಲ್ಲಿ ಒಮ್ಮೆ, ೨೦೧೩ರ ಆಗಸ್ಟಿನಲ್ಲಿ ಇನ್ನೊಮ್ಮೆ ಎಲ್ಲ ಕೇಂದ್ರಗಳನ್ನೂ ಪರಿಶೀಲಿಸಿದಾಗ, ದಾದಿ ಬಂದುಹೋಗುತ್ತಿದ್ದ ೫೪ ಕೇಂದ್ರಗಳು ಔಷಧೋಪಕರಣಗಳ ಸಿದ್ಧತೆಯಲ್ಲಿಯೂ ಸಿಬ್ಬಂದಿಯ ತಿಳಿವಳಿಕೆಯಲ್ಲಿಯೂ ಉಳಿದವುಗಳಿಗಿಂತ ಮುಂದಿದ್ದುವು. ೨೦೧೬ರಲ್ಲಿ ಈ ವಿವರಗಳು ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾದವು. ಎಷ್ಟು ಕೂಸುಗಳು ಉಳಿದವು ಎಂಬುದನ್ನು ಅಳೆಯುವುದು ಆ ಪರೀಕ್ಷೆಯ ಮುಖ್ಯ ಉದ್ದೇಶವಾಗಿರಲಿಲ್ಲ. ಅದನ್ನು ಮರೆತು ಜಯಘೋಷ ಮಾಡುವುದು ಉಚಿತವಲ್ಲ. ಸಿದ್ಧತೆ ಬೇರೆ, ಉಳಿವು ಬೇರೆ. ಪಳಗಿದ ದಾದಿಗೆ ವರ್ಗವಾಗಬಹುದು, ಗುತ್ತಿಗೆಯವಳಾದರೆ ಗುತ್ತಿಗೆ ಮುಗಿಯಬಹುದು. ಆಕೆಯ ಕೈಗೆ ಹತ್ತಿದ ವಿದ್ಯೆ ಆಕೆಯೊಡನೆಯೇ ಊರು ಬಿಡುತ್ತದೆ. ಮತ್ತೊಬ್ಬಳಿಗೆ ಬೊಂಬೆಯಿಂದಲೇ ಆರಂಭಿಸಬೇಕು.

ಬೆಂಗಳೂರಿನ ವಾಚಕರು ಇದನ್ನು ದೂರದ ಸಂಗತಿ ಎಂದುಕೊಳ್ಳಬೇಕಾಗಿಲ್ಲ. ಅಲ್ಲಿಯ ಬಹುಮಹಡಿ ಮನೆಗಳಿಗೆ ಕಲ್ಲು ಗಾರೆ ಹೊರುವವರಲ್ಲಿ ಕಲಬುರಗಿ, ರಾಯಚೂರು, ಯಾದಗಿರಿಯ ಹೆಣ್ಣುಮಕ್ಕಳು ಅನೇಕರು. ದಿನ ತುಂಬುತ್ತ ಬಂದಂತೆ ಅವರು ತವರಿಗೆ ಹೊರಡುತ್ತಾರೆ. ರಾತ್ರಿಯ ಬಸ್ಸು ಅವರನ್ನು ಬೆಳಗ್ಗೆ ಇಳಿಸುವ ಊರಿನಲ್ಲಿ ಆರೋಗ್ಯ ಕೇಂದ್ರವೊಂದಿದೆ. ಅಲ್ಲಿಯ ಹೆರಿಗೆಯ ಕೋಣೆಯಲ್ಲಿ, ಮಂಚದಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಮುಸುಕು ಜೋಡಿಸಿದ ರಬ್ಬರಿನ ಚೀಲವೊಂದು ಇರಬೇಕು.