ಶತ್ರುವಿನ ಚಿತ್ರ

ಬಾದಾಮಿಯ ಕೋಟೆಗೆ ವಿದ್ಯಾರ್ಥಿಗಳನ್ನು ಕರೆತರುವ ಅಧ್ಯಾಪಕರು ಚಾಲುಕ್ಯರ ಕಥೆಯ ಜತೆಗೆ 1786ರ ಮುತ್ತಿಗೆಯ ಕಥೆಯನ್ನೂ ಹೇಳಬೇಕೆಂಬುದು ನನ್ನ ಬಿನ್ನಹ. ಆ ಬೇಸಗೆಯಲ್ಲಿ ಟಿಪ್ಪು ಸುಲ್ತಾನನ ವಶದಲ್ಲಿದ್ದ ಕೋಟೆಯನ್ನು ಮುತ್ತಿದವರು ಪೇಶ್ವೆಯ ಮರಾಠರು. ಅವರೊಡನೆ ನಿಂತುದು ಹೈದರಾಬಾದಿನ ನಿಜಾಮನ ಸೈನ್ಯ. ಕಲಹವಿದ್ದುದು ಸೀಮೆಗಾಗಿ, ಕಪ್ಪಕಾಣಿಕೆಗಾಗಿ. ಮರುವರ್ಷ ಗಜೇಂದ್ರಗಡದ ಒಪ್ಪಂದದಂತೆ ಬಾದಾಮಿ ಮರಾಠರಿಗೆ ಸಂದಿತು. ಯಾರು ಯಾವ ಪಕ್ಷವೆಂಬುದನ್ನು ಮತವು ನಿರ್ಣಯಿಸಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿದ ಇಂಗ್ಲಿಷರು ತಮ್ಮ ಜನಕ್ಕೆ ತೋರಿಸಿದ ಚಿತ್ರವೇ ಬೇರೆ: ಟಿಪ್ಪು ಬರಿಯ ಶತ್ರುರಾಜನಲ್ಲ, ಮತಾಂಧನಾದ ಮುಸಲ್ಮಾನ ಕ್ರೂರಿ, ಅವನನ್ನು ಅಳಿಸುವುದು ಲೋಕೋಪಕಾರ. ಅದಕ್ಕೆ ಸಾಕ್ಷಿಯೆಂಬಂತೆ, ಐರೋಪ್ಯನ ಮೇಲೆರಗಿದ ಅವನ ಮರದ ಹುಲಿಯನ್ನು 1808ರಿಂದ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟರು. ಕೊಡಗು, ಮಂಗಳೂರುಗಳಲ್ಲಿ ಟಿಪ್ಪು ಗೈದ ಹಿಂಸೆಯನ್ನು ನಾನು ಮರೆಮಾಚುವುದಿಲ್ಲ. ಆದರೆ ಅದರ ಹೊಣೆ ಅವನ ಮತದ ಮೇಲೆ ಬಿದ್ದುದೇಕೆ? ಅದೇ ಯುದ್ಧದಲ್ಲಿ ಇಂಗ್ಲಿಷರ ಪಕ್ಕದಲ್ಲಿದ್ದ ನಿಜಾಮನೂ ಮುಸಲ್ಮಾನನೇ. ಆ ಸಂಗತಿ ಚಿತ್ರದೊಳಗೆ ಬರಲಿಲ್ಲ.

ಈ ಚಿತ್ರ ಇನ್ನೂ ಮಾಸಿಲ್ಲ. 2001ರಲ್ಲಿ ಅಮೆರಿಕ ಅಫ್ಘಾನಿಸ್ತಾನದ ಮೇಲೆ ಬಾಂಬು ಸುರಿದಾಗ, ಬುರ್ಖಾ ತೊಟ್ಟ ಹೆಂಗಸರ ಬಿಡುಗಡೆಯನ್ನೂ ಯುದ್ಧದ ಕಾರಣಗಳ ಸಾಲಿಗೆ ಸೇರಿಸಿತು. 20 ವರ್ಷಗಳ ಬಳಿಕ ಸೈನ್ಯ ಹಿಂದಿರುಗಿತು. ಆ ಹೆಂಗಸರು ಮತ್ತೆ ತಾಲಿಬಾನರ ಆಳ್ವಿಕೆಗೆ ಸಿಕ್ಕಿದರು.

ಹುನಗುಂದ, ಇಳಕಲ್ಲುಗಳ ಓಣಿಗಳಲ್ಲಿ ನೆರೆಮನೆಯ ಮುಸಲ್ಮಾನನನ್ನು ನಾವು ಹೆಸರಿನಿಂದ ಬಲ್ಲೆವು. ಹೆಸರು ಬಲ್ಲವನನ್ನು ಬರಿಯ ಚಿತ್ರವಾಗಿಸುವುದು ಸುಲಭವಲ್ಲ. ಯುದ್ಧದ ಮಾತು ಕೇಳಿಬಂದಾಗ "ಯಾರ ನೆಲ? ಯಾರ ಲಾಭ?" ಎಂದು ಕೇಳುವುದನ್ನು ನಮ್ಮ ಶಾಲೆಗಳು ಮಕ್ಕಳಿಗೆ ಕಲಿಸಲಿ.